ಮನೆಯವರ ದುಡಿಮೆಗೆ ಒಂದು ಸಾಲು

ಮೊದಲ ಕೇಕಿಗೆ ನಾನು ಹೇಳಿದ ಬೆಲೆ 450 ರೂಪಾಯಿ. ಅದು 2023ರ ಜೂನ್ ತಿಂಗಳು. ವಿದ್ಯಾನಗರದ ನಮ್ಮ ಮನೆಯಿಂದ ಎರಡು ಬೀದಿ ಆಚೆಗಿನ ಮನೆಯೊಂದಕ್ಕೆ ಮೊಟ್ಟೆ ಹಾಕದ ಒಂದು ಕಿಲೋ ಚಾಕೊಲೇಟ್ ಕೇಕ್ ಬೇಕಾಗಿತ್ತು. ನಮ್ಮ ಹತ್ತಿರದ ಬೇಕರಿಯಲ್ಲಿ ಅಂಥದ್ದೊಂದು ಕೇಕಿಗೆ 500 ರೂಪಾಯಿ ಇತ್ತು. ನಾನು ಹೊಸಬಳು, ಅಂಗಡಿಯ ಬಾಡಿಗೆಯಿಲ್ಲ, ಮನೆಯಲ್ಲೇ ಮಾಡುವವಳು ಎಂದುಕೊಂಡು ಅದರಿಂದ 50 ರೂಪಾಯಿ ಕಳೆದೆ. ಇದರ ಹೊರತು ಬೇರೆ ಯಾವ ಲೆಕ್ಕವನ್ನೂ ನಾನು ಹಾಕಿರಲಿಲ್ಲ. ಆ ಮನೆಯವರು ಕೇಕನ್ನು ಮೆಚ್ಚಿಕೊಂಡು ನಾಲ್ಕಾರು ಮನೆಗಳಿಗೆ ಹೇಳಿದರು, ಆದರೆ ರುಚಿಯ ಮಾತಿಗಿಂತ ಮೊದಲು ಬೆಲೆಯ ಮಾತು ಹೋಗಿ ತಲುಪಿತ್ತು. ಆನಂತರ ಫೋನ್ ಮಾಡಿದವರೆಲ್ಲರೂ "ನೀವು ನಾನೂರೈವತ್ತಕ್ಕೆ ಮಾಡಿಕೊಡ್ತೀರಂತೆ" ಎಂದೇ ಮಾತು ಆರಂಭಿಸಿದರು. ಮನೆಯಲ್ಲಿ ಕೇಕ್ ಮಾಡಿ ಮಾರಲು ಹೊರಟವರಿಗೆ ಬೆಲೆ ಕಟ್ಟುವುದು ಒಂದು ಕೆಲಸ, ಪ್ರಚಾರ ಮಾಡುವುದು ಇನ್ನೊಂದು ಕೆಲಸ ಎಂದು ನಾನು ತಿಳಿದುಕೊಂಡಿದ್ದೆ. ಹಾಸನದಂಥ ಊರಿನಲ್ಲಿ ಅವೆರಡೂ ಒಂದೇ ಎಂಬುದು ನನಗೆ ಅರ್ಥವಾಗಲು ಐದು ತಿಂಗಳು ಬೇಕಾಯಿತು.

ಆ ನವೆಂಬರಿನಲ್ಲಿ ಒಂದು ಮಗುವಿನ ಮೊದಲ ವರ್ಷದ ಹುಟ್ಟುಹಬ್ಬಕ್ಕೆ ಎರಡು ಕಿಲೋ ಕೇಕಿನ ಬೇಡಿಕೆ ಬಂತು. ಕಾಡಿನ ಥೀಮ್, ಮೇಲೆ ಆನೆ, ಜಿರಾಫೆ, ಒಂದು ಮರಿ ಹುಲಿ ಕೂರಬೇಕು. ಮಗುವಿನ ತಾಯಿ ಮೊಬೈಲಿನಲ್ಲಿ ಕಳುಹಿಸಿದ ಚಿತ್ರದಲ್ಲಿ ಆನೆಯ ಕಿವಿಯ ಒಳಭಾಗ ತಿಳಿ ಗುಲಾಬಿ ಬಣ್ಣದಲ್ಲಿತ್ತು. ಬೂದು ಬಣ್ಣದ ಫಾಂಡೆಂಟನ್ನು, ಅಂದರೆ ಗೊಂಬೆ ಮಾಡಲು ಬಳಸುವ ಸಕ್ಕರೆಯ ಕಣಕವನ್ನು, ಚಪ್ಪಟೆ ಮಾಡಿ, ಅದರ ಮೇಲೆ ಗುಲಾಬಿಯ ಚೂರನ್ನು ಒತ್ತಿ, ಅಂಚನ್ನು ಬೆರಳಿನಲ್ಲಿ ತೀಡಿ, ಸೊಂಡಿಲು ಬಾಗದಂತೆ ಒಳಗೆ ಆಸರೆ ಕೊಟ್ಟು ಒಣಗಲು ಇಟ್ಟೆ. ಮಾರನೆಯ ದಿನ ಜಿನುಗು ಮಳೆ ಹಿಡಿಯಿತು. ಗಾಳಿಯಲ್ಲಿ ತೇವವಿದ್ದರೆ ಫಾಂಡೆಂಟ್ ಒಣಗುವುದಿಲ್ಲ, ಫ್ರಿಜ್ಜಿನಲ್ಲಿಟ್ಟು ಹೊರಗೆ ತೆಗೆದರೆ ಬೆವರಿ ಅಂಟಂಟಾಗುತ್ತದೆ. ಆನೆಯ ಒಂದು ಕಿವಿ ಕಳಚಿ ಬಿದ್ದಿತ್ತು. ಅದನ್ನು ಮತ್ತೆ ಮಾಡಿದೆ. ಮೂರು ದಿನಗಳಲ್ಲಿ ಬಿಡಿಬಿಡಿಯಾಗಿ ಕೂತ ಹೊತ್ತನ್ನೆಲ್ಲ ಸೇರಿಸಿದರೆ ಹನ್ನೊಂದು ಗಂಟೆ. ಅದಕ್ಕೆ ನಾನು ತೆಗೆದುಕೊಂಡದ್ದು 1,100 ರೂಪಾಯಿ. ಸಾಮಾನು, ಫಾಂಡೆಂಟ್, ಬಣ್ಣ, ಡಬ್ಬ, ವಿದ್ಯುತ್ತು ಎಲ್ಲಕ್ಕೂ ಸೇರಿ 890 ರೂಪಾಯಿ ಆಗಿತ್ತು. ಉಳಿದ 210 ರೂಪಾಯಿಯನ್ನು ಹನ್ನೊಂದರಿಂದ ಭಾಗಿಸಿ ನೋಡಿದಾಗ ಗಂಟೆಗೆ 19 ರೂಪಾಯಿ ಎಂದು ಬಂತು. ಆ ವರ್ಷ, ಅಂದರೆ 2023-24ರಲ್ಲಿ, ಕರ್ನಾಟಕದಲ್ಲಿ ಉದ್ಯೋಗ ಖಾತ್ರಿ ಯೋಜನೆಯ ದಿನಗೂಲಿ 316 ರೂಪಾಯಿ ಇತ್ತು. ಎಂಟು ಗಂಟೆಗೆ ಹಂಚಿದರೆ ಅದು ಗಂಟೆಗೆ ಸುಮಾರು 40 ರೂಪಾಯಿ. ಅದರ ಅರ್ಧವೂ ನನ್ನ ಕೈಗೆ ಬಂದಿರಲಿಲ್ಲ.

ಆ ರಾತ್ರಿ ಲೆಕ್ಕದ ಪುಸ್ತಕವನ್ನು ಮುಂದಿಟ್ಟುಕೊಂಡು ಕೂತಿದ್ದಾಗ ನನಗೆ ಅಪ್ಪನ ಆಲೂಗಡ್ಡೆ ಲೆಕ್ಕ ನೆನಪಾಯಿತು. ನಮ್ಮ ತವರು ಶಾಂತಿಗ್ರಾಮದ ಕಡೆ. ಮುಂಗಾರಿಗೆ ಮೊದಲು ಹಾಸನದ ಎಪಿಎಂಸಿಗೆ ಜಲಂಧರದಿಂದ ಬಿತ್ತನೆ ಗೆಡ್ಡೆ ಬರುತ್ತದೆ, ಅಪ್ಪ ಅದನ್ನು ತಂದು ನಾಟಿ ಮಾಡಿಸುತ್ತಿದ್ದರು. ಬೆಳೆ ಕಿತ್ತು ಮಂಡಿಗೆ ಹಾಕಿ ಬಂದ ದಿನ ಜಗಲಿಯ ಮೇಲೆ ಕೂತು ಬಿತ್ತನೆ, ಗೊಬ್ಬರ, ಅಂಗಮಾರಿಗೆ ಹೊಡೆದ ಔಷಧಿ, ಟ್ರ್ಯಾಕ್ಟರ್ ಬಾಡಿಗೆ, ಕೂಲಿ, ಚೀಲ, ಹಮಾಲಿ ಎಂದು ಒಂದೊಂದನ್ನೂ ಬರೆದು ಕಳೆಯುತ್ತಿದ್ದರು. ಅಮ್ಮ ನಾಲ್ಕು ತಿಂಗಳು ಹೊಲದಲ್ಲಿ ಬಗ್ಗಿ ಮಾಡಿದ ಕೆಲಸಕ್ಕೆ ಆ ಹಾಳೆಯಲ್ಲಿ ಒಂದು ಸಾಲೂ ಇರುತ್ತಿರಲಿಲ್ಲ. ಕೇಂದ್ರದ ಕೃಷಿ ವೆಚ್ಚ ಮತ್ತು ಬೆಲೆಗಳ ಆಯೋಗವೇ ಬೆಳೆಯ ಖರ್ಚನ್ನು ಲೆಕ್ಕ ಹಾಕುವಾಗ, ಕೈಯಿಂದ ಕೊಟ್ಟ ಖರ್ಚು ಒಂದು, ಅದಕ್ಕೆ ಮನೆಯವರ ದುಡಿಮೆಯ ಬೆಲೆ ಕೂಡಿಸಿದ್ದು ಇನ್ನೊಂದು ಎಂದು ಬೇರೆ ಬೇರೆಯಾಗಿ ತೋರಿಸುತ್ತದೆ. ಆಯೋಗದ ಲೆಕ್ಕದಲ್ಲಿ ಇರುವ ಆ ಸಾಲು ನಮ್ಮ ಜಗಲಿಯ ಲೆಕ್ಕದಲ್ಲಿ ಇರಲಿಲ್ಲ, ಇಪ್ಪತ್ತು ವರ್ಷಗಳ ನಂತರ ನನ್ನ ಕೇಕಿನ ಲೆಕ್ಕದಲ್ಲಿಯೂ ಇರಲಿಲ್ಲ. ಆ ರಾತ್ರಿ ನಾನು ಹೊಸ ಹಾಳೆ ತಿರುಗಿಸಿ ಎಲ್ಲಕ್ಕಿಂತ ಮೇಲೆ "ಕೈಕೆಲಸ" ಎಂದು ಬರೆದೆ.

ಹೊಸದಾಗಿ ಆರಂಭಿಸುವವರಿಗೆ ಉಪಯೋಗವಾಗಲಿ ಎಂದು ಆ ಹಾಳೆಯನ್ನು ಇಲ್ಲಿ ಬಿಡಿಸಿ ಹೇಳುತ್ತೇನೆ. ಅಂಕಿಗಳು ಆ ಕಾಲದ ನನ್ನ ಅಡುಗೆಮನೆಯವು, ನಿಮ್ಮವು ಬೇರೆಯೇ ಇರುತ್ತವೆ. ಒಂದು ಕಿಲೋ ಚಾಕೊಲೇಟ್ ಕೇಕಿಗೆ ಮೈದಾ, ಸಕ್ಕರೆ, ಬೆಣ್ಣೆ, ಹಾಲು, ಮೊಸರು, ಕೋಕೋ ಪುಡಿ ಸೇರಿ 90 ರೂಪಾಯಿ, ವಿಪ್ಪಿಂಗ್ ಕ್ರೀಮ್ 65, ಗನಾಶಿಗೆ, ಅಂದರೆ ಮೇಲಿನ ಚಾಕೊಲೇಟ್ ಲೇಪಕ್ಕೆ, ಚಾಕೊಲೇಟ್ ಕಾಂಪೌಂಡ್ 60. ಕೆಳಗಿನ ಹಲಗೆ, ಡಬ್ಬ, ಚಾಕು, ಮೇಣದ ಬತ್ತಿಗೆ 60, ವಿದ್ಯುತ್ತಿಗೆ 15. ಇಲ್ಲಿಗೆ 290 ಆಯಿತು, ಮೊದಲು ನನಗೆ ಗೊತ್ತಿದ್ದ ಖರ್ಚು ಇಷ್ಟೇ. ಈಗ ಕೈಕೆಲಸ: ಹಿಟ್ಟು ಕಲಸಿ ಬೇಯಿಸುವುದು, ಆರಿದ ಮೇಲೆ ಕತ್ತರಿಸಿ ಪಾಕ ಹಾಕಿ ಕ್ರೀಮ್ ತುಂಬುವುದು, ಹೊರಗೆ ಬಳಿದು ನಯ ಮಾಡುವುದು, ಅಲಂಕಾರ, ಪಾತ್ರೆ ತೊಳೆಯುವುದು, ಗ್ರಾಹಕರೊಂದಿಗೆ ಫೋನಿನಲ್ಲಿ ಮಾತನಾಡುವುದು ಎಲ್ಲ ಸೇರಿ ಮೂರೂವರೆ ಗಂಟೆ, ಗಂಟೆಗೆ 80ರಂತೆ 280 ರೂಪಾಯಿ. ಪಾತ್ರೆ ತೊಳೆಯುವ ಹೊತ್ತನ್ನು ಸೇರಿಸಬೇಕೇ ಎಂದು ನಾನು ತುಂಬ ಹಿಂಜರಿದಿದ್ದೆ. ಜಿಡ್ಡು ಹಿಡಿದ ಬೀಟರಿನ ಕಡ್ಡಿಗಳನ್ನೂ ನಾಜಲ್‌ಗಳನ್ನೂ ಬಿಸಿನೀರಿನಲ್ಲಿ ಒಂದೊಂದಾಗಿ ತೊಳೆಯಲು ನಲವತ್ತು ನಿಮಿಷ ಬೇಕು, ಆ ನಲವತ್ತು ನಿಮಿಷ ಇಲ್ಲದೆ ಕೇಕೂ ಇಲ್ಲ. ಕೆಟ್ಟುಹೋಗುವ, ಉಳಿದುಹೋಗುವ ಸಾಮಾನಿಗೆ 30. ಓಟಿಜಿ (ಮನೆಯ ಸಣ್ಣ ವಿದ್ಯುತ್ ಓವನ್), ಬೀಟರ್, ಕೇಕನ್ನು ತಿರುಗಿಸುವ ಟರ್ನ್ ಟೇಬಲ್, ಅಚ್ಚುಗಳಿಗೆ ಹಾಕಿದ 20,000 ರೂಪಾಯಿಯನ್ನು 400 ಕೇಕುಗಳ ಮೇಲೆ ಹಂಚಿ ತಲಾ 50. ಅಲ್ಲಿಗೆ ಅಸಲೇ 650. ಮುಂದೆ ದೊಡ್ಡ ಓವನ್ ತೆಗೆದುಕೊಳ್ಳಲು, ಕೆಲಸವಿಲ್ಲದ ಆಷಾಢವನ್ನು ದಾಟಲು 150 ಸೇರಿಸಿ 800 ಎಂದು ನಿರ್ಧರಿಸಿದೆ.

450ರಿಂದ ಒಮ್ಮೆಲೇ 800. ಹೆದರಿಕೆಯಾಗಲಿಲ್ಲ ಎಂದು ಹೇಳಲಾರೆ. 2024ರ ಜನವರಿಯಿಂದ ಹೊಸ ಬೆಲೆ ಹೇಳತೊಡಗಿದಾಗ ತಿಂಗಳಿಗೆ 14 ಇದ್ದ ಬೇಡಿಕೆ 6ಕ್ಕೆ ಇಳಿಯಿತು. ಮನೆಯವರು ಮುಖ ಸಪ್ಪಗೆ ಮಾಡಿಕೊಂಡರು. ನಾನು ಪುಸ್ತಕ ತೆರೆದು ತೋರಿಸಿದೆ: 14 ಕೇಕಿಗೆ ತಲಾ 160 ರೂಪಾಯಿಯಂತೆ, 49 ಗಂಟೆ ದುಡಿದು ಕೈಯಲ್ಲಿ ಉಳಿಯುತ್ತಿದ್ದದ್ದು 2,240. ಈಗ 6 ಕೇಕಿಗೆ ತಲಾ 510ರಂತೆ, 21 ಗಂಟೆಯಲ್ಲಿ 3,060. ಅರ್ಧಕ್ಕಿಂತ ಕಡಿಮೆ ದುಡಿಮೆಯಲ್ಲಿ ಹೆಚ್ಚು ಹಣ ಉಳಿದಿತ್ತು, ಭಾನುವಾರ ಸಂಜೆ ಮಗಳ ಜೊತೆ ಕೂತು ಪಾಠ ನೋಡಲು ನನಗೆ ಹೊತ್ತು ಸಿಕ್ಕಿತ್ತು. ಬೇಡಿಕೆ ಮತ್ತೆ ಹತ್ತನ್ನು ದಾಟಲು ಏಳೆಂಟು ತಿಂಗಳು ಹಿಡಿಯಿತು.

ಅರ್ಧ ಕಿಲೋ ಕೇಕಿನ ವಿಷಯವನ್ನು ಪ್ರತ್ಯೇಕವಾಗಿ ಹೇಳಬೇಕು, ಏಕೆಂದರೆ ಹೊಸಬರು ಹೆಚ್ಚು ಸೋಲುವುದು ಅಲ್ಲಿಯೇ. ಒಂದು ಕಿಲೋ 800 ಆದರೆ ಅರ್ಧ ಕಿಲೋ 400 ಎಂದು ಕೇಳುವವರು ಭಾವಿಸುವುದು ಸಹಜ. ಸಾಮಾನು ಅರ್ಧವಾಗುತ್ತದೆ ನಿಜ, ಕೆಲಸ ಅರ್ಧವಾಗುವುದಿಲ್ಲ. ಓವನ್ ಅಷ್ಟೇ ಹೊತ್ತು ಕಾಯಬೇಕು, ಹೆಸರು ಅಷ್ಟೇ ಅಂದವಾಗಿ ಬರೆಯಬೇಕು, ಪಾತ್ರೆಗಳು ಅಷ್ಟೇ. ಫ್ರೀಜರಿನಿಂದ ತೆಗೆದು ಕರಗಿಸಿದ ಕ್ರೀಮನ್ನು ಮತ್ತೆ ಗಟ್ಟಿ ಮಾಡಿ ಇಡುವಂತಿಲ್ಲವಾದ್ದರಿಂದ ಒಂದು ಕಿಲೋ ಪೊಟ್ಟಣದಲ್ಲಿ ಉಳಿದದ್ದು ಬೇರೆ ಬೇಡಿಕೆ ಬರದಿದ್ದರೆ ವ್ಯರ್ಥ. ನನ್ನ ಲೆಕ್ಕದಲ್ಲಿ ಅರ್ಧ ಕಿಲೋದ ಅಸಲು 490ರ ಆಸುಪಾಸು ಬಂತು; 500 ಎಂದು ಇಟ್ಟೆ. ಚಿಕ್ಕ ಕುಟುಂಬಗಳು ಮೊದಲ ಬಾರಿ ರುಚಿ ನೋಡಲು ಕೇಳುವುದು ಇದನ್ನೇ, ಹಾಗಾಗಿ ಅದನ್ನು ಮಾಡದೆ ಬಿಡಲು ನನಗೆ ಮನಸ್ಸಿಲ್ಲ. ಅದರಲ್ಲಿ ಉಳಿಯುವುದು ನನ್ನ ಕೂಲಿ ಮಾತ್ರ ಎಂಬುದನ್ನು ತಿಳಿದೇ ಮಾಡುತ್ತೇನೆ. ಇನ್ನು ಥೀಮ್ ಕೇಕುಗಳಿಗೆ ಕಿಲೋ ಲೆಕ್ಕವೇ ಸಲ್ಲದು. ಕೇಕಿನ ಭಾಗಕ್ಕೆ ತೂಕದ ಬೆಲೆ, ಅಲಂಕಾರದ ಭಾಗಕ್ಕೆ ಗಂಟೆಯ ಬೆಲೆ ಎಂದು ಎರಡನ್ನೂ ಬೇರೆ ಬೇರೆಯಾಗಿಯೇ ಹೇಳುತ್ತೇನೆ. ತೂಗುವಾಗ ಹಲಗೆಯ ತೂಕವನ್ನು ಕಳೆದೇ ತೂಗುತ್ತೇನೆ.

ನಮ್ಮ ಕಡೆ ಇದೆಲ್ಲಕ್ಕಿಂತ ಕಷ್ಟದ್ದು ದಾಕ್ಷಿಣ್ಯ. ಪಕ್ಕದ ಮನೆಯ ಆಂಟಿ ಬೆಲೆ ಕೇಳಿ, "ಅಷ್ಟೊಂದಾ? ಬೇಕರಿನಲ್ಲಿ ಐನೂರಕ್ಕೆ ಕೊಡ್ತಾರಲ್ವಾ ಕಣಮ್ಮ" ಎಂದಾಗ ಮೊದಮೊದಲು ನನ್ನ ಬಾಯಿಂದ "ನಿಮಗಾದ್ರೆ ಆರುನೂರು ಕೊಡಿ ಆಂಟಿ" ಎಂದು ಬಂದುಬಿಡುತ್ತಿತ್ತು. ಹಾಗೆ ಹೇಳಿದ ಮರುಗಳಿಗೆಯಲ್ಲಿ ಮೊದಲು ಹೇಳಿದ 800 ಸುಳ್ಳಾಗಿ ಕೇಳಿಸುತ್ತಿತ್ತು, ನನಗೂ ಅವರಿಗೂ. ಈಗ ಬೆಲೆಯನ್ನು ಇಳಿಸುವುದಿಲ್ಲ, ಕೆಲಸವನ್ನು ಇಳಿಸುತ್ತೇನೆ. "ಆರುನೂರರ ಒಳಗೆ ಬೇಕು ಅಂದ್ರೆ ಮುಕ್ಕಾಲು ಕಿಲೋದಲ್ಲಿ ವೆನಿಲಾ ಮಾಡ್ಕೊಡ್ತೀನಿ ಆಂಟಿ, ಮೇಲೆ ಹೂವು ಬೇಡ, ಹೆಸರು ಚೆನ್ನಾಗಿ ಬರೆದುಕೊಡ್ತೀನಿ" ಎನ್ನುತ್ತೇನೆ. ಹೆಚ್ಚಿನವರು ಒಪ್ಪುತ್ತಾರೆ. ನೆಂಟರ ವಿಷಯದಲ್ಲಿ ಮಾಡಿಕೊಂಡ ನಿಯಮ ಇನ್ನೂ ಸರಳ: ವರ್ಷಕ್ಕೆ ಐದು ಕೇಕುಗಳನ್ನು ಉಡುಗೊರೆಯಾಗಿ ಪೂರ್ತಿ ಕೊಡುತ್ತೇನೆ, ಉಳಿದವಕ್ಕೆಲ್ಲ ಪೂರ್ತಿ ಬೆಲೆ. ಅತ್ತೆಯವರಿಗೆ ಇದು ಮೊದಲು ಹಿಡಿಸಲಿಲ್ಲ. ನಾದಿನಿಯ ಮಗನ ಹುಟ್ಟುಹಬ್ಬದ ಕೇಕನ್ನು ಉಡುಗೊರೆಯೆಂದು ಕೊಟ್ಟು, ಡಬ್ಬದ ಮೇಲೆ "ಅತ್ತೆಯ ಪ್ರೀತಿಯ ಕಾಣಿಕೆ" ಎಂದು ಬರೆದ ಮೇಲೆ ಅವರೇ ಆ ಐದರ ಲೆಕ್ಕವನ್ನು ಇಡತೊಡಗಿದರು.

ಬೇಕರಿಯೊಂದಿಗೆ ಹೋಲಿಸುವವರ ಮೇಲೆ ನನಗೆ ಬೇಸರವಿಲ್ಲ. ಬೆಂಗಳೂರಿನ ಅಯ್ಯಂಗಾರ್ ಬೇಕರಿಗಳ ಹಿಂದಿರುವ ಕುಟುಂಬಗಳಲ್ಲಿ ಬಹಳಷ್ಟು ನಮ್ಮ ಹಾಸನ ಜಿಲ್ಲೆಯವು. ಬೇಕರಿ ಕೆಲಸ ಈ ನೆಲಕ್ಕೆ ಹೊಸದಲ್ಲ, ಜನರಿಗೆ ಬನ್ನಿನ ಬೆಲೆಯೂ ಕೇಕಿನ ಬೆಲೆಯೂ ಚೆನ್ನಾಗಿ ಗೊತ್ತು. ಒಂದೇ ಬಾರಿಗೆ ಹತ್ತಾರು ಸ್ಪಾಂಜುಗಳನ್ನು ದೊಡ್ಡ ಓವನ್ನಿನಲ್ಲಿ ಬೇಯಿಸುವವರಿಗೆ ಒಂದು ಕೇಕಿಗೆ ತಗಲುವ ಖರ್ಚು ಕಡಿಮೆಯೇ. ಅವರ ಕೇಕನ್ನು ಹೀಗಳೆದು ನನ್ನದನ್ನು ಮಾರುವುದು ಸರಿಯಲ್ಲ ಎಂದು ನಾನು ನಂಬಿದ್ದೇನೆ. ಸಾದಾ ಕೇಕ್ ಸಾಕು, ಸಂಜೆಗೇ ಬೇಕು ಎನ್ನುವವರಿಗೆ ನಾನೇ ಒಳ್ಳೆಯ ಬೇಕರಿಯ ದಾರಿ ಹೇಳಿ ಕಳುಹಿಸಿದ್ದೇನೆ. ಹಾಗೆ ಹೋದವರಲ್ಲಿ ಕೆಲವರು ಮುಂದಿನ ಸಲ ವಿಶೇಷವಾದದ್ದು ಬೇಕಾದಾಗ ನನ್ನಲ್ಲಿಗೇ ಬಂದಿದ್ದಾರೆ.

ಪ್ರಚಾರಕ್ಕೆ ಮೊದಲು ನಾನು ಮಾಡಿದ ತಪ್ಪೆಂದರೆ, ಬೇರೆಯವರು ಮಾಡಿದ ಸುಂದರ ಕೇಕುಗಳ ಚಿತ್ರಗಳನ್ನು "ಇಂಥವು ಬೇಕಿದ್ದರೆ ತಿಳಿಸಿ" ಎಂದು ವಾಟ್ಸಾಪ್ ಸ್ಟೇಟಸ್ಸಿಗೆ ಹಾಕಿದ್ದು. ನನ್ನ ಕೈಗೆ ಬಾರದ ಕೆಲಸವನ್ನು ಜನ ಕೇಳಿದರು, ಮಾಡಿಕೊಟ್ಟದ್ದು ಚಿತ್ರದಂತೆ ಇರಲಿಲ್ಲ. ಈಗ ನನ್ನ ಕೇಕುಗಳ ಚಿತ್ರ ಮಾತ್ರ. ಬೆಳಗಿನ ಎಂಟು ಗಂಟೆಯ ಹೊತ್ತಿಗೆ ಅಡುಗೆಮನೆಯ ಪೂರ್ವದ ಕಿಟಕಿಯ ಬಳಿ ಇಟ್ಟು ತೆಗೆಯುತ್ತೇನೆ, ಜೊತೆಗೆ ಕತ್ತರಿಸಿದ ಒಂದು ತುಂಡಿನ ಒಳಭಾಗವನ್ನೂ ತೋರಿಸುತ್ತೇನೆ. ರೀಲ್ಸ್ ಮಾಡಿದ್ದೇನೆ. ಅವುಗಳನ್ನು ಸಾವಿರಾರು ಮಂದಿ ನೋಡಿದ್ದಾರೆ, ಆದರೆ ನೋಡುವವರು ಎಲ್ಲೆಲ್ಲಿಯೋ ಇರುತ್ತಾರೆ, ಕೇಕ್ ಹೋಗಬೇಕಾದದ್ದು ಹೇಮಾವತಿನಗರಕ್ಕೋ ಕುವೆಂಪುನಗರಕ್ಕೋ ಸಾಲಗಾಮೆ ರಸ್ತೆಗೋ. ನನಗೆ ಹೆಚ್ಚು ಗ್ರಾಹಕರನ್ನು ತಂದವರು ಮಗಳ ಶಾಲೆಯ ತಾಯಂದಿರು, ರವಿಕೆ ಹೊಲಿಯುವ ಅಕ್ಕ ಮತ್ತು ಹುಟ್ಟುಹಬ್ಬದ ಬಲೂನು ಮಾರುವ ಅಂಗಡಿಯವರು. ಅವರಿಗೆ ಕಮಿಷನ್ ಕೊಡುವ ಮಾತನ್ನು ನಾನು ಎತ್ತಲಿಲ್ಲ. ಹೊಸ ರುಚಿ ಮಾಡಿದಾಗಲೆಲ್ಲ ಪುಟ್ಟ ಡಬ್ಬದಲ್ಲಿ ಒಂದು ತುಂಡು ಕೊಟ್ಟು ಬರುತ್ತೇನೆ. ಆ ತುಂಡಿನ ಖರ್ಚಿಗೂ ಪುಸ್ತಕದಲ್ಲಿ ಸಾಲಿದೆ.

ಆದರೆ ನನ್ನ ಹೆಸರು ಊರಿನಲ್ಲಿ ನಿಂತದ್ದು ಇವು ಯಾವುದರಿಂದಲೂ ಅಲ್ಲ, ಕನ್ನಡ ಅಕ್ಷರಗಳಿಂದ. ಕೇಕಿನ ಮೇಲೆ ಹೆಸರನ್ನು ಇಂಗ್ಲಿಷಿನಲ್ಲಿ ಬರೆಯುವುದು ಎಲ್ಲೆಡೆ ರೂಢಿ. ಒಬ್ಬ ನಿವೃತ್ತ ಮೇಷ್ಟರ ಮಕ್ಕಳು ಅಪ್ಪನ ಅರವತ್ತರ ಸಂಭ್ರಮಕ್ಕೆ "ಷಷ್ಟ್ಯಬ್ದಿ" ಎಂದು ಕನ್ನಡದಲ್ಲೇ ಬರೆಯಬೇಕೆಂದು ಕೇಳಿದರು. ಒಂದು ಪದದಲ್ಲಿ ಟಕಾರ, ಯಕಾರ, ದಕಾರಗಳ ಮೂರು ಒತ್ತು! ಇಂಗ್ಲಿಷ್ ಅಕ್ಷರಗಳು ಒಂದು ಗೆರೆಯ ಮೇಲೆ ಸಾಲಾಗಿ ಕೂರುತ್ತವೆ. ಕನ್ನಡಕ್ಕೆ ಕೆಳಗೆ ಒತ್ತಿಗೂ ಮೇಲೆ ಗುಡಿಸಿಗೂ ಜಾಗ ಬಿಡಬೇಕು. ಕರಗಿಸಿದ ಚಾಕೊಲೇಟನ್ನು ಬೆಣ್ಣೆ ಕಾಗದದ ಕೋನಿಗೆ ತುಂಬಿ, ತುದಿಯನ್ನು ಸೂಜಿಯ ದಪ್ಪಕ್ಕೆ ಕತ್ತರಿಸಿ, ತಟ್ಟೆಯ ಬೆನ್ನಿನ ಮೇಲೆ ಎಂಟು ಸಲ ಬರೆದು ಒರೆಸಿದೆ. ಚಾಕೊಲೇಟ್ ತುಂಬ ಬಿಸಿಯಿದ್ದರೆ ಒತ್ತುಗಳು ಒಂದಕ್ಕೊಂದು ಕೂಡಿಕೊಳ್ಳುತ್ತವೆ, ಆರಿದರೆ ಷಕಾರದ ಹೊಟ್ಟೆಯ ಗೆರೆ ಅರ್ಧಕ್ಕೇ ತುಂಡಾಗುತ್ತದೆ. ಒಂಬತ್ತನೆಯ ಸಲ ಕೇಕಿನ ಮೇಲೆ ಬರೆದೆ. ಕೇಕ್ ಕತ್ತರಿಸುವಾಗ ಮೇಷ್ಟರು ಆ ಪದವನ್ನು ಮುಟ್ಟದೆ ಅಂಚಿನಿಂದ ಕತ್ತರಿಸಿದರಂತೆ. ಅಂದಿನಿಂದ ಕನ್ನಡದಲ್ಲಿ ಹೆಸರು ಬರೆಯುವುದಕ್ಕೆ ನಾನು ಹೆಚ್ಚುವರಿ ಹಣ ಕೇಳಿಲ್ಲ. ಬೆಲೆಯ ಬಗ್ಗೆ ಇಷ್ಟೊಂದು ಬರೆದವಳು ಇಲ್ಲಿ ಮಾತ್ರ ಗಂಟೆಯನ್ನು ಲೆಕ್ಕ ಹಾಕುವುದಿಲ್ಲ. ಅದು ನನ್ನ ಗುರುತು, ಅದನ್ನು ನಾನು ಪ್ರಚಾರದ ಸಾಲಿಗೆ ಬರೆದುಕೊಳ್ಳುತ್ತೇನೆ.

ಸಾಗಾಟದಲ್ಲಿ ಒಮ್ಮೆ ದೊಡ್ಡ ಪೆಟ್ಟು ತಿಂದೆ. ಸುಮಾರು 40 ಕಿಲೋಮೀಟರ್ ದೂರದ ಸಕಲೇಶಪುರಕ್ಕೆ ಏಪ್ರಿಲ್ ಮಧ್ಯಾಹ್ನ ಕೇಕ್ ತೆಗೆದುಕೊಂಡು ಹೋಗುತ್ತೇವೆಂದು ಗ್ರಾಹಕರೇ ಹೇಳಿದ್ದರು. ದಾರಿಯಲ್ಲಿ ಊಟಕ್ಕೆ ನಿಂತಾಗ ಕಾರು ಬಿಸಿಲಿನಲ್ಲಿತ್ತು. ತಲುಪುವ ಹೊತ್ತಿಗೆ ಮೇಲಿನ ಪದರ ಜಾರಿತ್ತು. ತಪ್ಪು ಯಾರದೆಂದು ವಾದಿಸುವ ಬದಲು ಅರ್ಧ ಹಣ ಹಿಂದಿರುಗಿಸಿದೆ, ಆನಂತರ ಎಲ್ಲ ವಿವರಗಳನ್ನೂ ಗ್ರಾಹಕರಿಗೆ ಮೊದಲೇ ಬರೆದು ಕಳುಹಿಸುವ ಅಭ್ಯಾಸ ಮಾಡಿಕೊಂಡೆ. ತೂಕ, ರುಚಿ, ಮೊಟ್ಟೆ ಇರಬೇಕೋ ಬೇಡವೋ, ಹೆಸರಿನ ಕಾಗುಣಿತ, ದಿನ, ಗಂಟೆ, ಎಷ್ಟು ದೂರ ಹೋಗುತ್ತದೆ, ಅರ್ಧ ಹಣ ಮುಂಗಡ. ಇದಿಷ್ಟಕ್ಕೂ ಅವರಿಂದ "ಸರಿ" ಎಂದು ಬಂದ ಮೇಲೆಯೇ ಕ್ರೀಮನ್ನು ಫ್ರೀಜರಿನಿಂದ ಕೆಳಗೆ ಇಳಿಸುತ್ತೇನೆ.

ಕಾಗದಪತ್ರಗಳ ಕೆಲಸ ಹೆದರಿದಷ್ಟು ಕಷ್ಟವಿರಲಿಲ್ಲ. ವರ್ಷದ ವಹಿವಾಟು 12 ಲಕ್ಷದೊಳಗಿದ್ದ ನನ್ನಂಥವರಿಗೆ ಆಹಾರ ಸುರಕ್ಷತಾ ಪ್ರಾಧಿಕಾರದ (ಎಫ್ಎಸ್ಎಸ್ಎಐ) ನೋಂದಣಿಗೆ ವರ್ಷಕ್ಕೆ 100 ರೂಪಾಯಿ ಶುಲ್ಕವಿತ್ತು; 14 ಅಂಕಿಗಳ ಆ ಸಂಖ್ಯೆಯನ್ನು ಡಬ್ಬದ ಮೇಲೆ ಅಂಟಿಸಿದ ದಿನದಿಂದ ಅಪರಿಚಿತರು ನಂಬಿಕೆಯಿಂದ ಮಾತನಾಡತೊಡಗಿದರು. 2025ರ ಜುಲೈನಲ್ಲಿ ಯುಪಿಐ ವಹಿವಾಟಿನ ಆಧಾರದ ಮೇಲೆ ರಾಜ್ಯದ ಸಣ್ಣ ವ್ಯಾಪಾರಿಗಳಿಗೆ ತೆರಿಗೆ ನೋಟಿಸ್‌ಗಳು ಬಂದಾಗ ನಮ್ಮ ಬೇಕರ್‌ಗಳ ಗುಂಪಿನಲ್ಲಿ ಗಾಬರಿಯೆದ್ದಿತು. ಸರಕು ಮಾರುವವರಿಗೆ ಜಿಎಸ್‌ಟಿ ನೋಂದಣಿಯ ಮಿತಿ 40 ಲಕ್ಷ, ನಾವು ಅದರ ಹತ್ತಿರವೂ ಇಲ್ಲ ಎಂದು ನಾನು ನೆಮ್ಮದಿಯಾಗಿ ಹೇಳಬಲ್ಲವಳಾದದ್ದು ಪುಸ್ತಕದಿಂದಲೇ. ಅದೇ ಸೆಪ್ಟೆಂಬರ್ 22ರಿಂದ ಕೇಕಿನ ಮೇಲಿನ ಜಿಎಸ್‌ಟಿ 18ರಿಂದ ಶೇಕಡಾ 5ಕ್ಕೆ ಇಳಿದಾಗ ಕೆಲವರು ನನ್ನ ಬೆಲೆಯೂ ಇಳಿಯಬೇಕಲ್ಲವೇ ಎಂದು ಕೇಳಿದರು. ನಾನು ಗ್ರಾಹಕರಿಂದ ಆ ತೆರಿಗೆಯನ್ನು ಎಂದೂ ತೆಗೆದುಕೊಂಡಿರಲಿಲ್ಲ, ಬೆಣ್ಣೆ ಮತ್ತು ಚಾಕೊಲೇಟಿನ ಖರೀದಿಯಲ್ಲಿ ಉಳಿದದ್ದು ಕೇಕಿಗೆ ಕೆಲವೇ ರೂಪಾಯಿ ಎಂದು ಲೆಕ್ಕವನ್ನೇ ತೋರಿಸಿದೆ.

ಬೆಲೆ ಏರಿಸಬೇಕಾದಾಗಲೂ ಹಾಗೆಯೇ ಮಾಡಿದೆ. ಘಾನಾ ಮತ್ತು ಐವರಿ ಕೋಸ್ಟ್ ದೇಶಗಳಲ್ಲಿ ಬೆಳೆ ಕೈಕೊಟ್ಟು 2024ರಲ್ಲಿ ಕೋಕೋ ಬೆಲೆ ಟನ್ನಿಗೆ 10,000 ಡಾಲರ್ ದಾಟಿತು. ನಮ್ಮೂರಿನ ಅಂಗಡಿಯ ಕೋಕೋ ಪುಡಿಯ ಡಬ್ಬದ ಮೇಲೆ ಅದು ಕಾಣಿಸಿಕೊಳ್ಳಲು ಹೆಚ್ಚು ದಿನ ಬೇಕಾಗಲಿಲ್ಲ. ಆಲೂಗಡ್ಡೆ ಬೆಳೆಯುವವರ ಊರಿನಲ್ಲಿ ಬೆಳೆ ಹೋದರೆ ಬೆಲೆ ಏರುತ್ತದೆಂದು ಯಾರಿಗೂ ವಿವರಿಸಬೇಕಿಲ್ಲ. 2025ರ ಯುಗಾದಿಗೆ ಚಾಕೊಲೇಟ್ ಕೇಕಿನ ಬೆಲೆಯನ್ನು 950ಕ್ಕೂ, ಗಂಟೆಯ ದರವನ್ನು 100ಕ್ಕೂ ಏರಿಸುವಾಗ ಹಳೆಯ ಗ್ರಾಹಕರಿಗೆಲ್ಲ ಕಾರಣ ಸಹಿತ ಒಂದು ಸಂದೇಶ ಕಳುಹಿಸಿದೆ. ಇಬ್ಬರು ಬಿಟ್ಟರು, ಉಳಿದವರು ಉಳಿದರು.

ಈ ಯುಗಾದಿಗೆ ಅಪ್ಪ ಮನೆಗೆ ಬಂದಿದ್ದರು. ಒಬ್ಬಟ್ಟಿನ ಊಟವಾದ ಮೇಲೆ ಕನ್ನಡಕ ಹಾಕಿಕೊಂಡು ನನ್ನ ಪುಸ್ತಕವನ್ನು ಮೊದಲಿನಿಂದ ತಿರುಗಿಸಿ, "ಮೂರೂವರೆ ಗಂಟೆ ಇದ್ದದ್ದು ಈಗ ಮೂರಕ್ಕೆ ಇಳಿದಿದೆಯಲ್ಲ, ಕೈ ಪಳಗಿದೆ. ಹಾಗಂತ ಬೆಲೆ ಇಳಿಸ್ತೀಯಾ?" ಎಂದು ಕೇಳಿದರು. ನಾನು ಆ ಪ್ರಶ್ನೆಯನ್ನು ಯೋಚಿಸಿಯೇ ಇರಲಿಲ್ಲ. ಗಂಟೆಯನ್ನು ಮಾತ್ರ ಲೆಕ್ಕ ಹಾಕಿದರೆ, ಕೆಲಸ ಕಲಿತಷ್ಟೂ ಕೂಲಿ ಕಡಿಮೆಯಾಗುತ್ತದೆ. ಅಪ್ಪ ಪೆನ್ಸಿಲ್ ತೆಗೆದುಕೊಂಡು 100ನ್ನು ಹೊಡೆದುಹಾಕಿ 120 ಎಂದು ಬರೆದರು. ಮೂರು ಗಂಟೆಗೆ 360. ಕಳೆದ ವರ್ಷದ ಮೂರೂವರೆ ಗಂಟೆಯ 350ಕ್ಕಿಂತ ಹತ್ತು ರೂಪಾಯಿ ಹೆಚ್ಚು. ಆ ಹತ್ತನ್ನು ಸಾಮಾನಿನ ಉಳಿತಾಯದಲ್ಲಿ ಸರಿದೂಗಿಸಿ 950 ಅನ್ನೇ ಉಳಿಸಿಕೊಂಡಿದ್ದೇನೆ. ಕೈಗೆ ಸಿಕ್ಕ ಅರ್ಧ ಗಂಟೆಯಲ್ಲಿ ಈಗ ಎರಡು ಅಂತಸ್ತಿನ ಕೇಕಿಗೆ ಒಳಗೆ ಕಡ್ಡಿಗಳ ಆಸರೆ ಕೊಡುವುದನ್ನು ಕಲಿಯುತ್ತಿದ್ದೇನೆ. ಮದುವೆಯ ಕೇಕಿಗೆ ಎಷ್ಟು ಕೇಳಬೇಕೆಂಬ ಹಾಳೆ ಮಾತ್ರ ಇನ್ನೂ ಖಾಲಿಯಿದೆ, "ಕೈಕೆಲಸ" ಎಂಬ ಮೊದಲ ಸಾಲನ್ನು ಬರೆದಿಟ್ಟಿದ್ದೇನೆ.